ದಾಳಿಗಳಲ್ಲಿ ಸತ್ತ ಸಾಮಾನ್ಯ ಜನರನ್ನ ಬೇರೆ ದೇಶದವರು ಹೇಗೆ ನೆನೀತಾರೆ? ಕಾಲೇಜ್ ಕಾರ್ಯಕ್ರಮಕ್ಕೆ ಸಲಹೆ ಬೇಕು

ಎನ್ನೆಸ್ಸೆಸ್_ಮೇಷ್ಟ್ರು:

ನಮಸ್ಕಾರ. ನಾನು ಮಲೆನಾಡು ಕಡೆ ಒಂದು ಡಿಗ್ರಿ ಕಾಲೇಜಲ್ಲಿ ಪಾಠ ಮಾಡ್ತೀನಿ, ಎನ್ನೆಸ್ಸೆಸ್ ಘಟಕನೂ ನನ್ನ ತಲೆಗೇ ಕಟ್ಟಿದಾರೆ. ಪಹಲ್ಗಾಮ್ ದಾಳಿಯಲ್ಲಿ ಸತ್ತವರ ನೆನಪಿಗೆ ಏಪ್ರಿಲ್ 22ಕ್ಕೆ ಏನಾದ್ರೂ ಮಾಡಿ ಅಂತ ಪ್ರಿನ್ಸಿಪಾಲರು ಹೇಳಿದಾರೆ. ಮಾಡೋಕೆ ನಂಗೂ ಮನಸ್ಸಿದೆ, ಆದ್ರೆ 2025ರಲ್ಲಿ ಘಟನೆ ಆದ ವಾರ ನಮ್ಮೂರಲ್ಲಿ ನಡೆದ ಶ್ರದ್ಧಾಂಜಲಿ ಸಭೆ ನೋಡಿದ್ಮೇಲೆ, ಅದೇ ಥರ ಮಾಡೋದಾದ್ರೆ ಬೇಡವೇ ಬೇಡ ಅನ್ಸಿಬಿಟ್ಟಿದೆ. ಫ್ಲೆಕ್ಸ್ ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ' ಅಂತ ದಪ್ಪಕ್ಷರ, ಅದರ ಸುತ್ತ ಮುಖಂಡರ ಸಾಲು ಸಾಲು ಫೋಟೋ, ಸತ್ತವರದ್ದು ಮೂಲೆಯಲ್ಲಿ ಸ್ಟ್ಯಾಂಪ್ ಸೈಜಲ್ಲಿ, ಅದೂ ವಾಟ್ಸಾಪಿಂದ ಇಳಿಸಿದ ಮಸುಕು ಫೋಟೋ. ಅತಿಥಿಗಳು ಬಂದಿದ್ದೇ ಲೇಟು, ಬಂದ್ಮೇಲೆ ಭಾಷಣದಲ್ಲಿ ಸತ್ತವರ ಸುದ್ದಿನೇ ಇಲ್ಲ, ಯಾರನ್ನ ಹೊಡೀಬೇಕು ಯಾರಿಗೆ ಪಾಠ ಕಲಿಸ್ಬೇಕು ಅನ್ನೋದೇ ಪೂರ್ತಿ. ಒಂದು ನಿಮಿಷ ಮೌನ ಅಂದಿದ್ದು ಅರ್ಧ ನಿಮಿಷನೂ ನಿಲ್ಲಲಿಲ್ಲ, ಮೈಕಿನವನು 'ಧನ್ಯವಾದಗಳು' ಅಂದ್ಬಿಟ್ಟ. ಹುಡುಗ್ರು ಮೇಣದಬತ್ತಿ ಹಿಡ್ಕೊಂಡು ರೀಲ್ಸ್ ಮಾಡ್ತಿದ್ರು, ಅವರನ್ನ ಬೈದು ಏನು ಪ್ರಯೋಜನ, ದೊಡ್ಡವರು ಮಾಡ್ತಿದ್ದಿದ್ದೂ ಅದೇ ಅಲ್ವಾ.

26 ಜನ ಸತ್ರು, ಆ ಸಭೆಯಲ್ಲಿ 26 ಹೆಸರನ್ನ ಯಾರೂ ಒಂದ್ಸಲ ಬಾಯ್ಬಿಟ್ಟು ಓದಲಿಲ್ಲ.

ಹಾಗಾಗಿ ಕೇಳ್ತಿದೀನಿ, ಬೇರೆ ಬೇರೆ ದೇಶಗಳಲ್ಲಿ ಈ ಥರ ದಾಳಿ ಆದ್ಮೇಲೆ ಜನ, ಸರ್ಕಾರ ಹೇಗೆ ನೆನಪು ಮಾಡ್ಕೋತಾರೆ, ಹೊರಗಡೆ ಇರೋರು ನೋಡಿರೋದನ್ನ ಹೇಳಿ. ಇಂಟರ್ನೆಟ್ಟಲ್ಲಿ ಸಿಗೋ ಸ್ಮಾರಕಗಳ ಪಟ್ಟಿ ಬೇಡ, ಅಲ್ಲಿ ಏನು ಕೆಲಸ ಮಾಡ್ತು ಏನು ಮಾಡ್ಲಿಲ್ಲ ಅನ್ನೋದು ಬೇಕು. ಸುಮಾರು 300 ಮಕ್ಕಳು, ಒಂದು ಅಂಗಳ, ಬಜೆಟ್ ಇಲ್ಲ ಅಂತಲೇ ಇಟ್ಕೊಳ್ಳಿ.

ಫ್ಯೋರ್ಡ್_ಪಕ್ಕದ_ಸುಮಾ:

ಸಾರ್, ನಾನು ಆಸ್ಲೋದಲ್ಲಿರೋದು, ಹಾಸನದವಳು. ಇಲ್ಲಿ 2011 ಜುಲೈ 22 ಅಂದ್ರೆ ಯಾರಿಗೂ ಬಿಡಿಸಿ ಹೇಳ್ಬೇಕಿಲ್ಲ. ಒಬ್ಬನೇ ಮನುಷ್ಯ ಸರ್ಕಾರಿ ಕಚೇರಿ ಮುಂದೆ ವ್ಯಾನಲ್ಲಿ ಬಾಂಬ್ ಇಟ್ಟು 8 ಜನರನ್ನ ಕೊಂದ, ಆಮೇಲೆ ಪೊಲೀಸ್ ವೇಷ ಹಾಕ್ಕೊಂಡು ಉಟೋಯಾ ಅನ್ನೋ ದ್ವೀಪಕ್ಕೆ ಹೋಗಿ ಲೇಬರ್ ಪಾರ್ಟಿಯ ಯುವ ಘಟಕದ ಕ್ಯಾಂಪಲ್ಲಿದ್ದ 69 ಜನರನ್ನ ಕೊಂದ, ಅದ್ರಲ್ಲಿ ಬಹುಪಾಲು ಹದಿಹರೆಯದವರು. ಮೂರು ದಿನಕ್ಕೆ ಆಸ್ಲೋದಲ್ಲಿ ಸುಮಾರು 2 ಲಕ್ಷ ಜನ ಕೈಯಲ್ಲಿ ಗುಲಾಬಿ ಹಿಡ್ಕೊಂಡು ಬೀದಿಗಿಳಿದ್ರು, ಇಡೀ ದೇಶದ ಜನಸಂಖ್ಯೆ ಆಗ 50 ಲಕ್ಷ ಇರಬಹುದು ಅಷ್ಟೇ. ಪ್ರಧಾನಿ ಯೆನ್ಸ್ ಸ್ಟೋಲ್ಟೆನ್‌ಬರ್ಗ್ ಇದಕ್ಕೆ ನಮ್ಮ ಉತ್ತರ ಇನ್ನೂ ಹೆಚ್ಚು ಪ್ರಜಾಪ್ರಭುತ್ವ, ಇನ್ನೂ ಹೆಚ್ಚು ಮುಕ್ತತನ ಅಂದ್ರು, ಅದು ಜಗತ್ತಿಗೆಲ್ಲ ಗೊತ್ತಾಯ್ತು.

ಆದ್ರೆ ಹೊರಗಿನವರಿಗೆ ಗೊತ್ತಿಲ್ಲದ ಇನ್ನೊಂದು ಕಥೆ ಇದೆ. ಸ್ಮಾರಕ. ದ್ವೀಪದ ಎದುರಿನ ದಡದಲ್ಲಿ ನೆಲದ ಒಂದು ಚಾಚನ್ನೇ ಅಡ್ಡ ಕೊಯ್ದು, ಗಾಯದ ಥರ ಬಿಡೋ ಒಂದು ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದಿತ್ತು, ಸ್ವೀಡನ್ನಿನ ಕಲಾವಿದ ಯೂನಾಸ್ ದಾಲ್‌ಬರ್ಗ್ ಅವರದ್ದು. ಪೇಪರಿನವರೆಲ್ಲ ಹೊಗಳಿದ್ದೇ ಹೊಗಳಿದ್ದು. ಅಕ್ಕಪಕ್ಕದ ಮನೆಯವರು ಒಪ್ಪಲಿಲ್ಲ. ಕಲ್ಲು ಮನಸ್ಸಿನವರು ಅಂತ ಕೆಲವರು ಬೈದ್ರು, ಆದ್ರೆ ಆ ದಿನ ಗುಂಡು ಹಾರ್ತಿರೋವಾಗ್ಲೇ ಸ್ವಂತ ದೋಣಿ ತಗೊಂಡು ಹೋಗಿ, ನೀರಲ್ಲಿ ಈಜ್ತಿದ್ದ ಮಕ್ಕಳನ್ನ ಎಳ್ಕೊಂಡು ಬಂದವರು ಅಲ್ಲಿನ ಜನಾನೇ. ಅಂಥವರಿಗೆ ದಿನಾ ಬೆಳಿಗ್ಗೆ ಅಡುಗೆಮನೆ ಕಿಟಕಿಯಿಂದ ಆ ಗಾಯ ನೋಡೋದು ಬೇಡ ಅನ್ಸಿದ್ರೆ ತಪ್ಪೇನು? ಕೋರ್ಟು ಕಚೇರಿ ಆಗಿ 2017ರಲ್ಲಿ ಸರ್ಕಾರ ಆ ಯೋಜನೆನೇ ಕೈಬಿಡ್ತು. ಆಮೇಲೆ ದೋಣಿಕಟ್ಟೆ ಹತ್ರ ಬೇರೆ ಸ್ಮಾರಕ ಅಂತಾಯ್ತು, ಅದಕ್ಕೂ ಕೇಸು, ಕೊನೆಗೆ 2022ರಲ್ಲಿ 77 ಕಂಚಿನ ಕಂಬಗಳು ನಿಂತವು. ಹನ್ನೊಂದು ವರ್ಷ ಸಾರ್, ನಾರ್ವೆ ಅಂಥ ನಾರ್ವೆಗೆ.

ದ್ವೀಪದಲ್ಲಿ ಮಾತ್ರ ಯುವಕರ ಸಂಘದವರೇ ತಮ್ಮ ಕೆಲಸ ಬೇಗ ಮುಗಿಸಿದ್ರು. ಅಲ್ಲಿ ಕೆಫೆ ಕಟ್ಟಡದಲ್ಲಿ 13 ಮಕ್ಕಳು ಸತ್ತಿದ್ರು, ಅದನ್ನ ಪೂರ್ತಿ ಕೆಡವೋದಾ ಇಟ್ಕೊಳ್ಳೋದಾ ಅಂತ ಸತ್ತವರ ಮನೆಯವರಲ್ಲೇ ಜಗಳ. ಕೊನೆಗೆ ಆ ಭಾಗನ ಹಾಗೇ ಉಳಿಸಿ ಅದರ ಸುತ್ತ ಹೊಸ ಕಟ್ಟಡ ಕಟ್ಟಿದ್ರು. ಚಾವಣಿ ಹೊತ್ತಿರೋದು 69 ಮರದ ಕಂಬ, ಸತ್ತವರ ಲೆಕ್ಕ. ಹೊರಗಡೆ ಬೇಲಿ ಥರ 495 ಪಟ್ಟಿ, ಅದು ದ್ವೀಪದಿಂದ ಬದುಕಿ ಬಂದವರ ಲೆಕ್ಕ. ನಾನು ಒಳಗೆ ಹೋದಾಗ ನಂಗೆ ತಟ್ಟಿದ್ದು ಅದೇ, ಬದುಕಿದವರನ್ನೂ ಎಣಿಸಿದಾರೆ. 2015ರಿಂದ ಅಲ್ಲಿ ಮತ್ತೆ ಬೇಸಿಗೆ ಕ್ಯಾಂಪ್ ನಡೀತಿದೆ, ಮಕ್ಕಳು ಫುಟ್‌ಬಾಲ್ ಆಡ್ತಾರೆ.

ಒಂದು ಕೊರತೆನೂ ಹೇಳಿಬಿಡ್ತೀನಿ. ಹತ್ತನೇ ವರ್ಷದ ಹೊತ್ತಿಗೆ ಬದುಕುಳಿದವರೇ ಕೇಳೋಕೆ ಶುರು ಮಾಡಿದ್ರು, ಗುಲಾಬಿ ಹಿಡಿದು ನಡೆದ್ರಿ ಸರಿ, ಆದ್ರೆ ಆ ಮನುಷ್ಯನ ತಲೆಯಲ್ಲಿದ್ದ ದ್ವೇಷ ಎಲ್ಲಿಂದ ಬಂತು ಅಂತ ಯಾಕೆ ಯಾರೂ ಮಾತಾಡಲಿಲ್ಲ, ಅದನ್ನ ಪ್ರಕೃತಿ ವಿಕೋಪದ ಥರ ನೋಡಿಬಿಟ್ರಿ ಅಂತ. ಬರೀ ಒಗ್ಗಟ್ಟಿನ ಮಾತಿಗೂ ಒಂದು ಮಿತಿ ಇದೆ ಅಂತ ನಂಗೂ ಅನ್ಸತ್ತೆ.

ಹುಬ್ಬಳ್ಳಿ_ಕಾಕಾ:

ಮೇಷ್ಟ್ರ, ನಿಮ್ಮ ಕಳಕಳಿ ಖರೇ ಐತಿ, ಅಕ್ಕಾರು ಬರದಿದ್ದೂ ಚೊಲೋ ಐತಿ. ಆದ್ರ ಒಂದ್ ಮಾತು, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮಲ್ಲಿ ದುಃಖ ಅನ್ನೂದು ಮನಿ ಒಳಗಿನ ವಿಷಯ್ರಿ, ಬೀದ್ಯಾಗ ಮಾಡೂದಲ್ಲ. ಹನ್ನೊಂದರ ದಿನ ಅಂತೀವಿ, ವರ್ಷಾಬ್ದಿಕ ಅಂತೀವಿ, ಲಿಂಗಾಯತ್ರ ಮನ್ಯಾಗ ಶಿವಗಣಾರಾಧನಾ, ಸಾಬರ ಮನ್ಯಾಗ ನಲವತ್ತರ ದಿನ, ಊರ ಮಂದಿ ಬರ್ತಾರ, ಕುಂಡ್ರತಾರ, ಉಂಡು ಹೋಗ್ತಾರ. ಅದಕ್ಕ ಮೈಕ್ ಬೇಕಾಗಿಲ್ಲ. ಬೀದಿಗೆ ಬಂದ ಕೂಡ್ಲೇ ಅದು ರಾಜಕೀಯ ಆಗ್ತೈತಿ, ಅದಕ್ಕ ಫ್ಲೆಕ್ಸ್ ಬರ್ತಾವ. ಹಂಗಂತ ನಮಗ ನೋವಿಲ್ಲ ಅಂತಲ್ಲ.

ಇನ್ನೊಂದು, ನಾರ್ವೆದಾಗ ಅಂಥಾದ್ದು ಒಂದ್ ಸಲ ಆತು. ಮುಂಬೈ ತಗೋರಿ. 1993, 2006ರ ಲೋಕಲ್ ಟ್ರೇನ್, 2008ರಾಗ 26/11, ಮತ್ತ 2011. ಎಲ್ಲಾದಕ್ಕೂ ಒಂದೊಂದ್ ದಿನ ಸೈರನ್ ಊದಿ ನಿಂತ್ರ ಊರು ನಡಿಯೂದು ಹ್ಯಾಂಗ? ನಮ್ಮ ಸೋದರಮಾವ ಡೊಂಬಿವಲಿಯಾಗ ಇದ್ರು, 26/11 ಆದ ಮರುದಿನನ ಲೋಕಲ್ ಹತ್ತಿ ಕೆಲಸಕ್ಕ ಹ್ವಾದ್ರು. ಟಿವಿಯವ್ರು 'ಸ್ಪಿರಿಟ್ ಆಫ್ ಮುಂಬೈ' ಅಂತ ಹೊಗಳಾಕತ್ತಿದ್ರು. ಮಾವ ಅಂದ್ರು, ಸ್ಪಿರಿಟ್ಟೂ ಇಲ್ಲ ಏನೂ ಇಲ್ಲೋ, ಹೋಗ್ಲಿಕ್ಕಂದ್ರ ಪಗಾರ ಕಟ್. ದುಃಖ ಪಡಾಕೂ ರಜಾ ಬೇಕಲ್ರಿ.

26/11ಕ್ಕ ಗುಂಡು ಹಾರಿಸಿದ ಮುಂಬೈದ ಲಿಯೋಪೋಲ್ಡ್ ಕೆಫೆದಾಗ ಗ್ವಾಡಿ ಮ್ಯಾಲೆ ಗುಂಡಿನ ತೂತು ಹಂಗ ಬಿಟ್ಟಾರ. ನಾ ಹ್ವಾದಾಗ ಮಂದಿ ಅದರ ಬಾಜೂಕ ನಿಂತು ಬಿಯರ್ ಗ್ಲಾಸ್ ಎತ್ತಿ ಫೋಟೋ ತಕ್ಕೊಳಾಕತ್ತಿದ್ರು. ಅದು ಸ್ಮಾರಕನೋ ಸೆಲ್ಫಿ ಪಾಯಿಂಟೋ ನನಗ ತಿಳೀಲಿಲ್ಲ.

ಶಾಸನದ_ಹುಚ್ಚ:

ಕಾಕಾ ಹೇಳಿದ್ದು ಅರ್ಧ ಒಪ್ತೀನಿ. ಬೀದಿಯಲ್ಲಿ ನೆನಪು ಮಾಡೋ ಪದ್ಧತಿ ನಮ್ಮಲ್ಲಿ ಇಲ್ವೇ ಇಲ್ಲ ಅನ್ನೋದು ತಪ್ಪು, ಯಾವ ಹಳ್ಳಿಗೆ ಬೇಕಾದ್ರೂ ಹೋಗಿ, ಕೆರೆ ಏರಿ ಮೇಲೋ ಹನುಮಂತನ ಗುಡಿ ಹಿಂದೋ ಒಂದು ವೀರಗಲ್ಲು ಇದ್ದೇ ಇರತ್ತೆ. ಕೆಳಗಿನ ಪಟ್ಟಿಯಲ್ಲಿ ಹೋರಾಟ, ಮಧ್ಯದಲ್ಲಿ ಅಪ್ಸರೆಯರು ಎತ್ಕೊಂಡು ಹೋಗ್ತಿರೋದು, ಮೇಲ್ಗಡೆ ಲಿಂಗದ ಮುಂದೆ ಕೂತಿರೋದು. ತುರುಗೋಳಲ್ಲಿ ದನ ಬಿಡಿಸೋಕೆ ಹೋಗಿ ಸತ್ತವನಿಗೆ ಕಲ್ಲು, ಊರಳಿವಲ್ಲಿ ಕಾದಾಡಿ ಸತ್ತವನಿಗೆ ಕಲ್ಲು, ಪೆಣ್ಬುಯ್ಯಲಲ್ಲಿ ಹೆಣ್ಮಕ್ಕಳನ್ನ ಕಾಪಾಡೋಕೆ ಹೋಗಿ ಸತ್ತವನಿಗೆ ಕಲ್ಲು. ಬೆಂಗಳೂರು ಅನ್ನೋ ಹೆಸರು ಮೊದಲು ಸಿಗೋ ಬೇಗೂರಿನ ಕಲ್ಲೂ ಕಾಳಗದಲ್ಲಿ ಸತ್ತವರದ್ದೇ.

ನನ್ನ ತಕರಾರು ಇಷ್ಟೇ. ಊರಿಗೆ ಬೆಂಕಿ ಬಿದ್ದ ದಿನ ಕತ್ತಿ ಹಿಡಿದವನೊಬ್ಬನೇ ಸತ್ತಿರ್ತಾನಾ? ಬಾವಿ ಹತ್ರ ನೀರು ಸೇದ್ತಿದ್ದವಳು, ಹಟ್ಟಿಯಲ್ಲಿ ಮಲಗಿದ್ದ ಮುದುಕ, ಇವರೂ ಸತ್ತಿರ್ತಾರೆ, ಇವರಿಗೆ ಕಲ್ಲಿಲ್ಲ. ಕಾದಾಡಿದವನಿಗೆ ಮಾತ್ರ ನೆನಪು, ಸುಮ್ನೆ ಸತ್ತವನಿಗೆ ಬರೀ ಲೆಕ್ಕ. ಸಾವಿರ ವರ್ಷದಿಂದ ನಾವು ಬದಲಾಗೇ ಇಲ್ಲ. 26/11 ಅಂದ್ರೆ ಬೆಂಗಳೂರಲ್ಲಿ ಎಲ್ಲರಿಗೂ ಮೇಜರ್ ಸಂದೀಪ್ ಉನ್ನಿಕೃಷ್ಣನ್ ನೆನಪಾಗ್ತಾರೆ, ಯಲಹಂಕದಲ್ಲಿ ಅವರ ಹೆಸರಿನ ರಸ್ತೆನೇ ಇದೆ, ಇರ್ಲೇಬೇಕು, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ರಾತ್ರಿ ಸಿಎಸ್‌ಟಿ ಸ್ಟೇಷನ್ನಲ್ಲಿ ಗಂಟುಮೂಟೆ ಇಟ್ಕೊಂಡು ಊರಿನ ರೈಲಿಗೆ ಕಾಯ್ತಿದ್ದ 58 ಜನ ಸತ್ರಲ್ಲ, ಅವರಲ್ಲಿ ಒಬ್ಬರ ಹೆಸರು ಇಲ್ಲಿ ಯಾರಿಗಾದ್ರೂ ಗೊತ್ತಿದ್ಯಾ? ನಂಗೂ ಗೊತ್ತಿಲ್ಲ. ಪ್ರತಿ ನವೆಂಬರ್ 26ಕ್ಕೆ ಮುಂಬೈಯಲ್ಲಿ ಮಂತ್ರಿಗಳು ಹೂಗುಚ್ಛ ಇಡೋದು ಪೊಲೀಸ್ ಸ್ಮಾರಕಕ್ಕೆ.

ಸುಮಾ ಅವರು ಹೇಳಿದ ಕಂಬದ ಲೆಕ್ಕ ನಂಗೆ ಅದಕ್ಕೇ ಹಿಡಿಸ್ತು. ಅಲ್ಲಿ ಯಾರೂ ವೀರರಲ್ಲ, ಎಲ್ಲರಿಗೂ ಒಂದೊಂದು ಕಂಬ.

ಗೌರಿಬಿದನೂರು_ಎಕ್ಸ್‌ಪ್ರೆಸ್:

ಶಾಸನದ ಹುಚ್ಚ ಅಣ್ಣಾ, ಹಾಗಿದ್ರೆ ನಮ್ಮ ವಿದುರಾಶ್ವತ್ಥ ಮರೆತ್ಬಿಟ್ರಾ? 1938 ಏಪ್ರಿಲ್ 25, ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ್ರು, ಸರ್ಕಾರದ ಲೆಕ್ಕ 10, ಜನ ಹೇಳೋದು 30ಕ್ಕೂ ಮೇಲೆ. ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತ ಪಠ್ಯದಲ್ಲಿ ಒಂದು ಸಾಲು ಬರತ್ತೆ, ಅಷ್ಟೇ. ಅಲ್ಲಿ ಸ್ತೂಪ ಇದೆ, ವೀರಸೌಧ ಅಂತ ಚಿತ್ರ ಗ್ಯಾಲರಿ ಇದೆ, ಚೆನ್ನಾಗೇ ಮಾಡಿದಾರೆ. ಆದ್ರೆ ಭಾನುವಾರ ಬರೋ ಬಸ್ಸುಗಳೆಲ್ಲ ನಾಗರಕಲ್ಲಿಗೆ ಹಾಲೆರೆಯೋಕೆ, ನಾಗಪ್ರತಿಷ್ಠೆಗೆ. ಪೂಜೆ ಮುಗಿಸಿ, ಕಡ್ಲೆಪುರಿ ತಗೊಂಡು, ವಾಪಸ್. ಪಕ್ಕದಲ್ಲೇ ಇರೋ ವೀರಸೌಧಕ್ಕೆ ಹೋಗೋರು ಎಷ್ಟು ಜನ, ನಮ್ಮ ಸಂಬಂಧಿಕರನ್ನೇ ನಾನು ತಳ್ಕೊಂಡು ಹೋಗಿದೀನಿ.

ಮತ್ತೆ ಅಮೃತಸರದ ಆ ಜಲಿಯನ್‌ವಾಲಾಬಾಗೇ ತಗೊಳ್ಳಿ. 2021ರಲ್ಲಿ ರಿಪೇರಿ ಮಾಡಿ ಲೈಟು, ಸೌಂಡು, ಆ ಇಕ್ಕಟ್ಟಾದ ಓಣಿ ಗೋಡೆಗೆ ನಗ್ತಿರೋ ಜನರ ಉಬ್ಬುಶಿಲ್ಪ ಹಾಕಿದಾರೆ. ಸೈನಿಕರು ನುಗ್ಗಿ ಬಂದ ಓಣಿ ಅದು. ಇತಿಹಾಸಕಾರರು ಬಾಯಿಬಡ್ಕೊಂಡ್ರು. ಥೀಮ್ ಪಾರ್ಕ್ ಮಾಡೋದು ಮರೆಯೋದಕ್ಕಿಂತ ಕೆಟ್ಟದ್ದು ಅನ್ನೋದು ನನ್ನ ಅಭಿಪ್ರಾಯ.

ಬ್ರಾಂಪ್ಟನ್_ಭಟ್ಟ:

ಯಾರ ದುಃಖ ಯಾರದ್ದು ಅನ್ನೋದಕ್ಕೆ ಕೆನಡಾದಷ್ಟು ಒಳ್ಳೆ ಉದಾಹರಣೆ ಇಲ್ಲ. ಕನಿಷ್ಕ ವಿಮಾನ, ಏರ್ ಇಂಡಿಯಾ 182, 1985 ಜೂನ್ 23, ಐರ್ಲೆಂಡ್ ಹತ್ರ ಸಮುದ್ರದ ಮೇಲೆ ಬಾಂಬ್ ಸಿಡಿದು 329 ಜನ ಸತ್ರು. ಬಾಂಬ್ ಇಟ್ಟಿದ್ದು ಕೆನಡಾದಲ್ಲಿ, ವಿಮಾನ ಹೊರಟಿದ್ದು ಕೆನಡಾದಿಂದ, ಸತ್ತವರಲ್ಲಿ 268 ಜನ ಕೆನಡಾ ಪ್ರಜೆಗಳು. ಆಗಿನ ಪ್ರಧಾನಿ ಮಲ್ರೋನಿ ಫೋನ್ ಮಾಡಿ ಸಂತಾಪ ಹೇಳಿದ್ದು ಯಾರಿಗೆ ಗೊತ್ತಾ? ರಾಜೀವ್ ಗಾಂಧಿಗೆ. ಅಂದ್ರೆ ಸತ್ತವರ ಚರ್ಮದ ಬಣ್ಣ ನೋಡಿ ಇದು ನಮ್ಮನೆ ಸಾವಲ್ಲ, ಪಕ್ಕದ ಮನೆ ಸಾವು ಅಂತ ತೀರ್ಮಾನ ಆಗೋಯ್ತು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು, ಬೇಸಿಗೆ ರಜಕ್ಕೆ ಅಜ್ಜಿ ಮನೆಗೆ ಹೊರಟಿದ್ದವರು, ಅವರಿಗೆ ಸ್ವಂತ ದೇಶದ ಅಳು ಸಿಗಲಿಲ್ಲ.

ಜೂನ್ 23ನ್ನ ಭಯೋತ್ಪಾದನೆಗೆ ಬಲಿಯಾದವರ ರಾಷ್ಟ್ರೀಯ ಸ್ಮರಣೆ ದಿನ ಅಂತ ಘೋಷಿಸಿದ್ದು 2005ರಲ್ಲಿ, ಇಪ್ಪತ್ತು ವರ್ಷ ಆದ್ಮೇಲೆ. ಟೊರೊಂಟೊದಲ್ಲೂ ವ್ಯಾಂಕೂವರಲ್ಲೂ ಸ್ಮಾರಕ ಬಂದಿದ್ದು 2007ಕ್ಕೆ. ನ್ಯಾಯಮೂರ್ತಿ ಜಾನ್ ಮೇಜರ್ ಆಯೋಗದ ವರದಿ 2010ರಲ್ಲಿ ಬಂದು ಇದು ಕೆನಡಾದ ಸ್ವಂತ ದುರಂತ ಅಂತ ಬರೆದ್ಮೇಲೆ ಪ್ರಧಾನಿ ಹಾರ್ಪರ್ ಕ್ಷಮೆ ಕೇಳಿದ್ರು. ಈಗ್ಲೂ ನನ್ನ ಆಫೀಸಲ್ಲಿ ಕೇಳಿದ್ರೆ ಹತ್ತರಲ್ಲಿ ಒಬ್ಬರಿಗೆ ಗೊತ್ತಿದ್ರೆ ಹೆಚ್ಚು.

ಇನ್ನು ಐರ್ಲೆಂಡ್ ನೋಡಿ. ಅವರಿಗೂ ಆ ವಿಮಾನಕ್ಕೂ ಏನು ಸಂಬಂಧ? ಏನೂ ಇಲ್ಲ. ಕಾರ್ಕ್ ಕೌಂಟಿಯ ಅಹಾಕಿಸ್ಟಾ ಅನ್ನೋ ಸಣ್ಣ ಹಳ್ಳಿಯ ಸಮುದ್ರದಂಚಲ್ಲಿ ಮೊದಲನೇ ವರ್ಷಕ್ಕೇ, 1986ರಲ್ಲೇ, ಸ್ಮಾರಕ ಆಯ್ತು. ಒಂದು ಗೋಡೆ, ಅದರ ಮೇಲೆ ಹೆಸರುಗಳು, ಒಂದು ಸೂರ್ಯ ಗಡಿಯಾರ. ಪ್ರತಿವರ್ಷ ಜೂನ್ 23ಕ್ಕೆ ಬೆಳಿಗ್ಗೆ 8:13ಕ್ಕೆ, ವಿಮಾನ ರಾಡಾರಿಂದ ಮಾಯವಾದ ಹೊತ್ತಿಗೆ, ಅಲ್ಲಿ ಸೇರ್ತಾರೆ. ಭಾರತದಿಂದ ಕೆನಡಾದಿಂದ ಹೋದ ಮನೆಯವರ ಜೊತೆ ಊರಿನವರೂ ಬಂದು ನಿಲ್ತಾರೆ, ಆವತ್ತು ಸಮುದ್ರದಿಂದ ಶವ ಎತ್ತಿದ ನಾವಿಕರು, ಕಾರ್ಕ್ ಆಸ್ಪತ್ರೆಯ ನರ್ಸುಗಳು ಬರ್ತಾ ಬಂದಿದಾರೆ. 131 ದೇಹಗಳು ಸಿಕ್ಕಿದ್ವು, ಉಳಿದವರಿಗೆ ಆ ಸಮುದ್ರನೇ ಸಮಾಧಿ. ನಮ್ಮ ಪರಿಚಯದ ಒಬ್ಬ ಹಿರಿಯರು ಅಲ್ಲಿಗೆ ಹೋಗ್ತಿರ್ತಾರೆ, ಅವರು ಹೇಳೋದು, ಊರಿನ ಜನ ಏನೂ ಕೇಳಲ್ಲ, ಟೀ ಮಾಡಿ ಕೊಡ್ತಾರೆ, ಪಕ್ಕದಲ್ಲಿ ಕೂರ್ತಾರೆ.

ಕಾಕಾ, ನೀವು ಹೇಳಿದ್ರಲ್ಲ ಊರ ಮಂದಿ ಬರ್ತಾರೆ ಕುಂಡ್ರತಾರೆ ಅಂತ, ಅದನ್ನೇ ಐರಿಶ್ ಜನ ಗೊತ್ತು ಪರಿಚಯ ಇಲ್ಲದವರಿಗೆ ಮಾಡಿದ್ರು.

ನ್ಯೂಜೆರ್ಸಿ_ಎನ್‌ಆರ್:

ಮೇಷ್ಟ್ರೇ ನಿಮ್ಮ ಸಮಸ್ಯೆಗೆ ನೇರ ಉತ್ತರ ನ್ಯೂಯಾರ್ಕಲ್ಲಿದೆ. ಸೆಪ್ಟೆಂಬರ್ 11ಕ್ಕೆ ಅವಳಿ ಕಟ್ಟಡ ಇದ್ದ ಜಾಗದಲ್ಲಿ ಮನೆಯವರು ಇಬ್ಬಿಬ್ಬರಾಗಿ ಬಂದು ಹೆಸರು ಓದ್ತಾರೆ, ಸುಮಾರು 3 ಸಾವಿರ ಹೆಸರು, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ. ಮಧ್ಯೆ ಆರು ಸಲ ಮೌನ, ನಾಲ್ಕು ವಿಮಾನ ಅಪ್ಪಳಿಸಿದ ಹೊತ್ತು, ಎರಡು ಕಟ್ಟಡ ಕುಸಿದ ಹೊತ್ತು. 2012ರಿಂದ ರಾಜಕಾರಣಿಗಳಿಗೆ ಅಲ್ಲಿ ಮಾತಾಡೋ ಅವಕಾಶ ಇಲ್ಲ. ಅಧ್ಯಕ್ಷರೇ ಬಂದ್ರೂ ನಿಂತ್ಕೊಂಡು ಕೇಳಿ ಹೋಗ್ಬೇಕು. ಕಂಚಿನ ಹಲಗೆಯಲ್ಲಿ ಹೆಸರುಗಳನ್ನ ಅಕ್ಷರಮಾಲೆ ಪ್ರಕಾರ ಕೆತ್ತಿಲ್ಲ, ಜೊತೆಗೆ ಕೆಲಸ ಮಾಡ್ತಿದ್ದವರು, ಸ್ನೇಹಿತರು, ಅಕ್ಕಪಕ್ಕ ಬರೋ ಹಾಗೆ ಮನೆಯವರನ್ನ ಕೇಳಿ ಜೋಡಿಸಿದಾರೆ. ಹುಟ್ಟಿದಬ್ಬದ ದಿನ ಅವರ ಹೆಸರಿಗೆ ಒಂದು ಬಿಳಿ ಗುಲಾಬಿ ಸಿಕ್ಕಿಸ್ತಾರೆ. ಮ್ಯೂಸಿಯಮ್ಮಿನ ಟಿಕೆಟ್ ರೇಟು, ಗಿಫ್ಟ್ ಶಾಪ್ ನೋಡಿದ್ರೆ ಮಾತ್ರ ಸಿಟ್ಟು ಬರತ್ತೆ, ಅಮೆರಿಕದವರು ಏನನ್ನೂ ಮಾರದೆ ಬಿಡಲ್ಲ.

ಗುಡುಗು99:

ಮೇಣದಬತ್ತಿ ಗುಲಾಬಿ ಕಂಬ ಕಲ್ಲು ಇಷ್ಟೇನಾ? ಇದರಿಂದ ಉಗ್ರರು ನಿಂತ್ಬಿಡ್ತಾರಾ? ಅಳೋದು ಬಿಟ್ಟು ಹೊಡೀಬೇಕು, ಹೊಡೆಯೋರ ಬಗ್ಗೆ ಮಾತಾಡಿದ್ರೆ ಮೇಷ್ಟ್ರಿಗೆ ಯಾಕೆ ಉರಿ?

ಕಡಲೂರ_ಕವಿತಾ:

ಗುಡುಗು ಅವರೇ, ಹೊಡೆಯೋದು ಬಿಡೋದು ಸರ್ಕಾರದ ಕೆಲಸ, ಅದರ ಚರ್ಚೆಗೆ ವರ್ಷದಲ್ಲಿ 364 ದಿನ ಇದೆ. ಸತ್ತವರ ಮನೆಯವರ ಎದುರಿಗೆ ಅವರ ಸಾವನ್ನ ಇಟ್ಕೊಂಡು ಪಕ್ಷದ ಲೆಕ್ಕ ಹಾಕೋದು ಬೇಡ ಅಂತಷ್ಟೇ ಮೇಷ್ಟ್ರು ಹೇಳ್ತಿರೋದು.

ಸ್ಪೇನಲ್ಲಿ ಇದೇ ಆಯ್ತು. 2004 ಮಾರ್ಚ್ 11, ಮ್ಯಾಡ್ರಿಡ್‌ಗೆ ಬೆಳಿಗ್ಗೆ ಕೆಲಸಕ್ಕೆ ಹೋಗೋರು ತುಂಬಿದ್ದ ನಾಲ್ಕು ಲೋಕಲ್ ರೈಲಲ್ಲಿ ಬಾಂಬ್, 191 ಜನ ಹೋದ್ರು. ಮೂರು ದಿನಕ್ಕೆ ಚುನಾವಣೆ. ಸಾಕ್ಷಿ ಬೇರೆಯವರ ಕಡೆ ಬೊಟ್ಟು ಮಾಡ್ತಿದ್ರೂ ಸರ್ಕಾರ ಮಾತ್ರ ಪ್ರತ್ಯೇಕ ದೇಶ ಕೇಳ್ತಿದ್ದ ಬಾಸ್ಕ್ ಉಗ್ರರ ಸಂಘಟನೆ ಮೇಲೇ ಹಾಕ್ತಾ ಹೋಯ್ತು, ಜನ ಸಿಟ್ಟಾಗಿ ಸರ್ಕಾರನೇ ಬಿತ್ತು. ಆಮೇಲೆ ಸಂಸತ್ತಿನ ತನಿಖಾ ಸಮಿತಿ ತಿಂಗಳುಗಟ್ಲೆ ಕಿತ್ತಾಡ್ತು. ಮಗನನ್ನ ಕಳ್ಕೊಂಡ ಪಿಲಾರ್ ಮನ್ಹೋನ್ ಅನ್ನೋ ತಾಯಿ, ಬಲಿಯಾದವರ ಸಂಘದ ಅಧ್ಯಕ್ಷೆ, ಆ ವರ್ಷ ಡಿಸೆಂಬರಲ್ಲಿ ಸಮಿತಿ ಮುಂದೆ ಬಂದು ಕೂತು, ಇಷ್ಟು ದಿನ ಇಲ್ಲಿ ನೀವು ಯಾವುದಕ್ಕೆ ನಗ್ತಿದ್ರಿ, ಯಾವುದಕ್ಕೆ ಕೇಕೆ ಹಾಕ್ತಿದ್ರಿ ಅಂತ ಸಂಸದರನ್ನ ಮುಖಕ್ಕೇ ಕೇಳಿದ್ರು. ಸಂಸದರಿಗೆ ಉಸಿರಿಲ್ಲ. ಆ ಊರಿನ ದೊಡ್ಡ ಪಾರ್ಕಲ್ಲಿ ಸತ್ತವರಿಗೆ ಒಂದೊಂದರಂತೆ ಆಲಿವ್, ಸೈಪ್ರಸ್ ಮರ ನೆಟ್ಟಿದಾರೆ, ಇವತ್ತಿಗೂ ಚೆನ್ನಾಗಿದೆ. ನಿಮ್ಮ ಕಾಲೇಜಿಗೆ ಗಿಡ ನೆಡೋ ಯೋಚನೆ ಇದ್ರೆ ನೀರು ಹಾಕೋರು ಯಾರು ಅಂತ ಮೊದಲು ಬರ್ಕೊಳ್ಳಿ ಸಾರ್, ನಮ್ಮ ವನಮಹೋತ್ಸವದ ಗಿಡಗಳ ಗತಿ ಗೊತ್ತಲ್ಲ.

ಸರ್ಕಾರವನ್ನ ಪ್ರಶ್ನೆ ಮಾಡದ ಶೋಕ ಮಾತ್ರ ಸಾಕು ಅನ್ನೋ ದೇಶಗಳೂ ಇವೆ. ರಷ್ಯಾದ ಬೆಸ್ಲಾನ್, 2004 ಸೆಪ್ಟೆಂಬರ್, ಶಾಲೆ ಶುರುವಾದ ಮೊದಲ ದಿನ ಮಕ್ಕಳು ತಂದೆ ತಾಯಂದಿರು ಸೇರಿ 1,100ಕ್ಕೂ ಹೆಚ್ಚು ಜನರನ್ನ ಉಗ್ರರು ಶಾಲೆಯ ಜಿಮ್‌ನಲ್ಲಿ ಕೂಡಿ ಹಾಕಿದ್ರು. ಮೂರು ದಿನ, ಆ ಸೆಖೆಯಲ್ಲಿ ನೀರು ಕೊಡಲಿಲ್ಲ. 334 ಜನ ಸತ್ರು, 186 ಮಕ್ಕಳು. ಆ ಸುಟ್ಟ ಜಿಮ್ ಹಾಗೇ ಇದೆ, ಗೋಡೆ ತುಂಬ ಫೋಟೋ, ನೆಲದ ಮೇಲೆ ಜನ ತಂದಿಡೋದು ಹೂವಿನ ಜೊತೆ ನೀರಿನ ಬಾಟಲಿ. ಮುಚ್ಚಳ ತೆಗೆದು ಇಡ್ತಾರೆ. ಯಾರೂ ಕಮಿಟಿ ಮಾಡಿ ಹೇಳಿದ್ದಲ್ಲ ಅದು. ಆದ್ರೆ 2016ರಲ್ಲಿ ಅದೇ ಜಿಮ್‌ನಲ್ಲಿ ಕೆಲವು ತಾಯಂದಿರು ಪುಟಿನ್ ವಿರುದ್ಧ ಬರೆದ ಟೀ ಶರ್ಟ್ ಹಾಕ್ಕೊಂಡು ನಿಂತಾಗ ಪೊಲೀಸರು ಎಳ್ಕೊಂಡು ಹೋದ್ರು, ಶಿಕ್ಷೆನೂ ಆಯ್ತು. ಅಳಬಹುದು, ಯಾಕಾಯ್ತು ಅಂತ ಕೇಳ್ಬಾರ್ದು.

ತುಮಕೂರು_ತಮ್ಮಯ್ಯ:

2019ರ ಕೊಲಂಬೊ ಯಾರೂ ಹೇಳಲೇ ಇಲ್ವಲ್ಲ. ಈಸ್ಟರ್ ಭಾನುವಾರ, ಏಪ್ರಿಲ್ 21. ನಮ್ಮ ಕಡೆ ಲೋಕಸಭೆ ಮತದಾನ 18ಕ್ಕೆ ಮುಗಿದಿತ್ತು, ಪ್ರಚಾರ ಮಾಡಿ ದಣಿದಿದ್ದ ಜೆಡಿಎಸ್ ಕಾರ್ಯಕರ್ತರ ಒಂದು ಗುಂಪು, ನೆಲಮಂಗಲ ತುಮಕೂರು ಕಡೆಯವರು, ಸುಧಾರಿಸ್ಕೊಳ್ಳೋಕೆ ಅಂತ ಶ್ರೀಲಂಕಾಕ್ಕೆ ಹೋಗಿ ಶಾಂಗ್ರಿ-ಲಾ ಹೋಟೆಲಲ್ಲಿ ತಿಂಡಿ ತಿನ್ನೋ ಹೊತ್ತಿಗೆ ಸ್ಫೋಟ. ಒಂದು ವಾರ ಇಡೀ ಜಿಲ್ಲೆಯಲ್ಲಿ ಅದೇ ಮಾತು. ಈಗ ಏಪ್ರಿಲ್ 21 ಬಂದ್ರೆ ಅವರ ಮನೆಗಳಲ್ಲಿ ಬಿಟ್ರೆ ಇನ್ನೆಲ್ಲೂ ಸುದ್ದಿ ಇಲ್ಲ, ಯಾಕಂದ್ರೆ ದಾಳಿ ಆಗಿದ್ದು ಬೇರೆ ದೇಶದಲ್ಲಿ.

ಆ ದೇಶದವರು ಮಾತ್ರ ಬಿಟ್ಟಿಲ್ಲ. ಅದೇ ದಿನ ಬಾಂಬ್ ಸಿಡಿದ ನೆಗೊಂಬೊದ ಸೇಂಟ್ ಸೆಬಾಸ್ಟಿಯನ್ ಚರ್ಚಲ್ಲಿ ರಕ್ತ ಸಿಡಿದ ಯೇಸುವಿನ ಪ್ರತಿಮೆನ ಒರೆಸದೆ ಹಾಗೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದಾರೆ. ಶೋಕಕ್ಕೆ ಅಲ್ಲಿ ಬಿಳಿ, ಬೀದಿ ಬೀದಿಗೆ ಬಿಳಿ ಬಾವುಟ ಕಟ್ಟಿದ್ರು. ವಾರ್ಷಿಕದ ದಿನ ಬೆಳಿಗ್ಗೆ 8:45ಕ್ಕೆ, ಸ್ಫೋಟ ಶುರುವಾದ ಹೊತ್ತಿಗೆ, ಚರ್ಚ್ ಗಂಟೆ. ಕಾರ್ಡಿನಲ್ ಮಾಲ್ಕಮ್ ರಂಜಿತ್ ಪ್ರತಿವರ್ಷನೂ ಮುನ್ಸೂಚನೆ ಇದ್ದಿದ್ದು ಗೊತ್ತಿದ್ರೂ ಯಾಕೆ ತಡೀಲಿಲ್ಲ ಅಂತ ಸರ್ಕಾರನ ಕೇಳ್ತಾನೇ ಇದಾರೆ. ಇದರ ಇನ್ನೊಂದು ಮುಖ, ದಾಳಿ ಆಗಿ ಮೂರು ವಾರಕ್ಕೆ ಗುಂಪುಗಳು ಮುಸ್ಲಿಮರ ಅಂಗಡಿ ಮನೆ ಸುಟ್ಟವು, ಒಂದು ಜೀವನೂ ಹೋಯ್ತು, ಚರ್ಚಿನವರೇ ಬೇಡ ಅಂತ ಹೇಳ್ತಿದ್ರೂ. ಶ್ರದ್ಧಾಂಜಲಿ ಭಾಷಣದಲ್ಲಿ ಯಾರನ್ನೋ ತೋರಿಸೋದು ಎಲ್ಲಿಗೆ ಹೋಗಿ ಮುಟ್ಟತ್ತೆ ಅಂತ ಗುಡುಗು ಸಾಹೇಬ್ರು ಅದನ್ನೂ ಓದ್ಕೊಳ್ಳಿ.

ನ್ಯೂಜಿಲೆಂಡ್ ಉಲ್ಟಾ. 2019 ಮಾರ್ಚ್ 15ಕ್ಕೆ ಕ್ರೈಸ್ಟ್‌ಚರ್ಚಿನ ಎರಡು ಮಸೀದಿಯಲ್ಲಿ 51 ಜನ ಸತ್ತಾಗ ಪ್ರಧಾನಿ ಜೆಸಿಂಡಾ ಆರ್ಡರ್ನ್ ಕೊಂದವನ ಹೆಸರು ನನ್ನ ಬಾಯಲ್ಲಿ ಬರಲ್ಲ ಅಂದ್ರು, ಮುಂದಿನ ಶುಕ್ರವಾರ ಟಿವಿ ರೇಡಿಯೋದಲ್ಲಿ ಇಡೀ ದೇಶಕ್ಕೆ ಆಜಾನ್ ಕೇಳಿಸಿ ಎರಡು ನಿಮಿಷ ಮೌನ ಮಾಡಿದ್ರು, ತಿಂಗಳೊಳಗೆ ಬಂದೂಕು ಕಾನೂನು 119ಕ್ಕೆ 1 ಮತದಲ್ಲಿ ಪಾಸು. ವರ್ಷ ವರ್ಷ ವಾರ್ಷಿಕ ಮಾಡೋದು ನಮ್ಮಲ್ಲಿಲ್ಲ ಅಂತ ಅಲ್ಲಿನ ಮುಸ್ಲಿಮರಲ್ಲೇ ಕೆಲವರು ಹೇಳಿದ್ರು, ಅದೂ ಸರಿನೇ, ಸತ್ತವರ ಮನೆಯವರಿಗೆ ಬೇಕಾ ಬೇಡ್ವಾ ಅಂತ ಮೊದಲು ಕೇಳ್ಬೇಕಲ್ವಾ.

ಎನ್ನೆಸ್ಸೆಸ್_ಮೇಷ್ಟ್ರು:

ಇಷ್ಟು ಬರತ್ತೆ ಅಂತ ಅಂದ್ಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಓದ್ತಾ ಓದ್ತಾ ನೆನಪಾಯ್ತು, ನಮ್ಮಲ್ಲೂ ಒಂದು ಒಳ್ಳೆ ಮಾದರಿ ಇತ್ತು, ಅದೂ ಕಾಶ್ಮೀರದಲ್ಲೇ. ಪಹಲ್ಗಾಮ್ ಆದ ಮರುದಿನ ಅಲ್ಲಿನ ಪೇಪರುಗಳು ಮುಖಪುಟ ಕಪ್ಪು ಮಾಡಿ ಬಂದವು, ಕಣಿವೆ ಪೂರ್ತಿ ಬಂದ್. ಏಪ್ರಿಲ್ 28ಕ್ಕೆ ವಿಧಾನಸಭೆಯ ವಿಶೇಷ ಅಧಿವೇಶನದಲ್ಲಿ ಮುಖ್ಯಮಂತ್ರಿ ಒಮರ್ ಅಬ್ದುಲ್ಲಾ ಎದ್ದು ನಿಂತು 26 ಹೆಸರನ್ನೂ ಊರಿನ ಸಮೇತ ಓದಿದ್ರು. ಅದನ್ನ ಟಿವಿಯಲ್ಲಿ ಎಷ್ಟು ಸೆಕೆಂಡು ತೋರಿಸಿದ್ರೋ ಏನೋ.

ಸದ್ಯಕ್ಕೆ ಯೋಚನೆ ಹೀಗಿದೆ. ವೇದಿಕೆ ಇಲ್ಲ, ಫ್ಲೆಕ್ಸ್ ಇಲ್ಲ. 26 ಮಕ್ಕಳು, ಒಬ್ಬೊಬ್ಬರು ಒಂದೊಂದು ಹೆಸರು, ಊರು, ಏನು ಕೆಲಸ ಮಾಡ್ತಿದ್ರು ಅನ್ನೋ ಒಂದು ಸಾಲು. ಪ್ರವಾಸಿಗರ ಜೊತೆಗೆ ಕುದುರೆ ನಡೆಸ್ತಿದ್ದ ಅಲ್ಲಿನ ಹುಡುಗನೂ, ನೇಪಾಳದವರೂ ಅದೇ ಸಾಲಲ್ಲೇ. ಆಮೇಲೆ ಪೂರ್ತಿ ಎರಡು ನಿಮಿಷ ಮೌನ, ಕಾಲೇಜ್ ಬೆಲ್ ಹೊಡೆದು ಶುರು, ಬೆಲ್ ಹೊಡೆದು ಮುಕ್ತಾಯ, ಮೈಕಿನವನ ಕೈಯಲ್ಲಿ ಏನೂ ಇಲ್ಲ. ಮೊಬೈಲ್ ಕ್ಲಾಸಲ್ಲೇ ಬಿಟ್ಟು ಬರೋದು. ನಮ್ಮ ಜಿಲ್ಲೆಯಲ್ಲೇ ಒಂದು ಮನೆಯವರು ಇದಾರೆ, ಅವರನ್ನ ಕರೆಯೋ ಬದಲು ಹೀಗೆ ಮಾಡ್ತಿದೀವಿ, ಅಭ್ಯಂತರ ಇಲ್ಲ ತಾನೇ ಅಂತ ಪರಿಚಯದವರ ಮೂಲಕ ಕೇಳಿಸೋಣ ಅಂತಿದೀನಿ. ಪ್ರಿನ್ಸಿಪಾಲರು ಎಲ್ಲ ಒಪ್ಪಿದಾರೆ, ಆದ್ರೆ ಅತಿಥಿ ಇಲ್ದೆ ಹೇಗ್ರೀ, ಪೇಪರಲ್ಲಿ ಬರಲ್ಲ ಅಂತಿದಾರೆ.

ಹುಬ್ಬಳ್ಳಿ_ಕಾಕಾ:

ಅತಿಥಿ ಬರ್ಲಿ ಬಿಡ್ರಿ, ನ್ಯೂಯಾರ್ಕಿನ್ಯಾಗ ಅಧ್ಯಕ್ಷನ ನಿಂತು ಕೇಳ್ತಾನ ಅಂದ್ರ ನಿಮ್ಮ ಊರಾನವ್ರಿಗೇನ್ ಆಗೂದೈತಿ, ಹುಡುಗ್ರ ಜೋಡಿ ಸಾಲಿನ್ಯಾಗ ನಿಂದರಸ್ರಿ. ನೀವು ಹೇಳಿದ್ದು ಓದಿದ ಮ್ಯಾಲೆ ಬೀದ್ಯಾಗ ಬ್ಯಾಡ ಅನ್ನೂ ನನ್ನ ಮಾತು ಅಂಗಳಕ್ಕ ಅನ್ವಯ ಆಗಂಗಿಲ್ಲ ಅನಸ್ತು. ಒಂದ ನೆನಪಿಡ್ರಿ, ಹೆಸರು ಓದೂ ಹುಡುಗ್ರಿಗೆ ಮುಂಚೇನ ಪ್ರಾಕ್ಟೀಸ್ ಮಾಡಸ್ರಿ. ಒಡಿಯಾ ಅದಾವು, ಬಂಗಾಳಿ ಅದಾವು, ಗುಜರಾತಿ ಅದಾವು, ಅರುಣಾಚಲದ್ದೂ ಒಂದೈತಿ. ಆ ಕಡೆ ಓದಿದ ಮಾಸ್ತರ ಯಾರರೆ ಇದ್ರ ಫೋನ್ ಹಚ್ಚಿ ಕೇಳ್ರಿ, ಇಲ್ಲಂದ್ರ ನಂಗ ಮೆಸೇಜ್ ಹಾಕ್ರಿ, ನಮ್ಮ ಅಳಿಯ ಗುವಾಹಟಿಯೊಳಗ ರೈಲ್ವೆದಾಗ ಅದಾನ, ಅವನ ಕಡೆ ಕೇಳಿ ಹೇಳ್ತೀನಿ.